ಹುಣಸೆಹಣ್ಣು ಮತ್ತು ಸ್ವಾಗತ ಸಮಿತಿ

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ದಾವಣಗೆರೆಯಲ್ಲಿ ಸೈಬರ್ ಕೆಫೆಗಳು ಶುರುವಾದವು. ಸ್ವಲ್ಪ ದಿನಕ್ಕೇ ನಮ್ಮ ನಾಣ್ಯ ಸಂಗ್ರಹಕಾರರ ಕೂಟವೂ ಇಂಟರ್‌ನೆಟ್ಟಿಗೆ ಹೋಯಿತು. ಹೋಯಿತು ಎಂದರೆ ಒಂದು ಇ-ಮೇಲ್ ಗುಂಪು ತೆರೆದೆವು. ಒಬ್ಬರು ಬರೆದದ್ದು ಎಲ್ಲರಿಗೂ ತಲುಪುತ್ತಿತ್ತು. ಅದಕ್ಕೂ ಮೊದಲು ನಾವು ಭಾನುವಾರ ಕೆ.ಬಿ. ಬಡಾವಣೆಯಲ್ಲಿ, ಕೂಟದ ಅಧ್ಯಕ್ಷರ ಬಟ್ಟೆ ಅಂಗಡಿಯ ಮಹಡಿಯ ಮೇಲೆ ಸೇರುತ್ತಿದ್ದೆವು. ಎಲ್ಲರ ನಾಣ್ಯಗಳನ್ನೂ ಎಲ್ಲರೂ ನೋಡಿ ಮುಗಿಸಿದ್ದರು. ಇನ್ನು ಜಂಬ ಕೊಚ್ಚಿಕೊಳ್ಳಲು ಹೊಸ ಕಿವಿಗಳು ಬೇಕಾಗಿದ್ದವು. ಅಧ್ಯಕ್ಷರು ಇದನ್ನು ಹವ್ಯಾಸದ ಪ್ರಸಾರ ಎಂದು ಕರೆದರು.

"ಹೊಸಬರನ್ನ ಕೈಹಿಡಿದು ನಡೆಸ್ಬೇಕ್ರಿ," ಎಂದು ಅಪ್ಪಣೆಯಾಯಿತು. ಸ್ವಾಗತದ ಹೊಣೆ ನನಗೆ ಬಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು, ಕೂಟದಲ್ಲಿದ್ದ ಒಬ್ಬಳೇ ಹೆಂಗಸು. "ಮೇಡಂ, ಇಂಥಾದ್ದನ್ನ ಹೆಣ್ಮಕ್ಳು ಚಲೋ ಮಾಡ್ತೀರಿ," ಎಂದರು. ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಲ್ಲಿಸುತ್ತಾರಲ್ಲ, ಆ ಕೆಲಸ. ಒಳಗೆ ಹೋದವರಿಗೆ ಊಟ ಸಿಕ್ಕಿತೋ ಇಲ್ಲವೋ ಪನ್ನೀರಿನವಳು ಕೇಳುವಂತಿಲ್ಲ.

ನಾನು ಹೊಸಬರಿಗೆಲ್ಲ "ಬನ್ನಿ, ಏನು ಬೇಕಾದರೂ ಕೇಳಿ" ಎಂದು ಬರೆಯುತ್ತಿದ್ದೆ. ಅವರು ನಂಬಿ ಕೇಳಿಬಿಡುತ್ತಿದ್ದರು. ತೂತಿನ ಕಾಸಿಗೆ ತೂತು ಯಾಕೆ ಎಂದು ಒಬ್ಬರು ಕೇಳಿದರೆ, ನಮ್ಮ ನಿವೃತ್ತ ಇಂಜಿನಿಯರೊಬ್ಬರು ಒಂದು ದಪ್ಪನೆಯ ಇಂಗ್ಲಿಷ್ ಪುಸ್ತಕದ ಹೆಸರು ಬರೆದು, ಓದಿಕೊಂಡು ಬನ್ನಿ ಎನ್ನುತ್ತಿದ್ದರು. ಆ ಪುಸ್ತಕ ಇಡೀ ಊರಿನಲ್ಲಿ ಅವರ ಬೀರುವಿನಲ್ಲಿ ಮಾತ್ರ ಇತ್ತು, ಅದನ್ನು ಅವರು ಯಾರಿಗೂ ಕೊಡುತ್ತಿರಲಿಲ್ಲ. ಕೇಳಿದವರು ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. "ಈಗಿನೋರಿಗೆ ಆಸಕ್ತಿನೇ ಇಲ್ರಿ," ಎಂದು ಅಧ್ಯಕ್ಷರು ಕೊರಗುತ್ತಿದ್ದರು.

ದೀಪಾವಳಿಗೆ ಇನ್ನೊಂದು ವಾರವಿದ್ದಾಗ ಹರಿಹರದ ಗೃಹಿಣಿಯೊಬ್ಬರು ಬರೆದರು. ಕಂಪ್ಯೂಟರ್ ಕ್ಲಾಸಿಗೆ ಸೇರಿ ಆಗಷ್ಟೇ ಇ-ಮೇಲ್ ಕಲಿತಿದ್ದರಂತೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದರು: "ನಮ್ಮ ಅತ್ತೆಯವರ ಅತ್ತೆ ಕಾಲದ್ದು ಒಂದು ಬೆಳ್ಳಿ ರೂಪಾಯಿ ಐತೆ. ವರ್ಷಾ ವರ್ಷಾ ಲಕ್ಷ್ಮೀ ಪೂಜೆಗೆ ಇಡ್ತೀವಿ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಉಜ್ಜಿ ಅದರ ಮ್ಯಾಲಿರೋ ರಾಣಿ ಮೂಗು ಸವೆದು ಹೋಗೈತೆ. ಮುಖನಾದ್ರೂ ಉಳೀಬೇಕು. ಹೆಂಗೆ ತೊಳೀಬೇಕು ಹೇಳ್ರಿ, ಹಬ್ಬ ಹತ್ರ ಬಂತು."

ಹುಣಸೆಹಣ್ಣು ಎಂಬ ಪದ ಕಂಡದ್ದೇ ತಡ, ಗುಂಪಿಗೆ ಮೈಮೇಲೆ ದೇವರು ಬಂತು. ನಾಣ್ಯವನ್ನು ಉಜ್ಜಬಾರದು ಎಂಬುದು ನಮ್ಮಲ್ಲಿ ಮೊದಲ ಪಾಠ. ಉಜ್ಜಿದರೆ ಮೇಲಿನ ಪದರ ಹೋಗುತ್ತದೆ, ಅಚ್ಚು ಸವೆಯುತ್ತದೆ. ಆದರೆ ಆ ಪಾಠ ಹೇಳುವ ವ್ಯವಧಾನ ಯಾರಿಗಿತ್ತು? ಅಧ್ಯಕ್ಷರು ಇದು ನಾಣ್ಯದ ಕೊಲೆ ಎಂದು ಬರೆದರು. ಇಂಜಿನಿಯರು ಇಂಥವರ ಕೈಗೆ ಚರಿತ್ರೆ ಸಿಗಬಾರದು ಎಂದರು. ಮುಂದೆ ಎರಡು ದಿನ, ನಾಣ್ಯ ಇಟ್ಟುಕೊಳ್ಳುವ ಯೋಗ್ಯತೆ ಯಾರಿಗಿದೆ ಎಂಬ ಬಗ್ಗೆ ಭಾರಿ ಚರ್ಚೆ ನಡೆಯಿತು. ಆಕೆ ಕೇಳಿದ ಪ್ರಶ್ನೆಗೆ ಮಾತ್ರ ಒಬ್ಬರೂ ಉತ್ತರ ಬರೆದಿರಲಿಲ್ಲ. ನಾನು ಕೆಫೆಗೆ ಹೋಗಿ ಇದನ್ನೆಲ್ಲ ಓದುವ ಹೊತ್ತಿಗೆ ಕೊನೆಯಲ್ಲಿ ಆಕೆಯದೇ ಒಂದು ಸಾಲು ಇತ್ತು: "ತಪ್ಪಾಯ್ತು, ನನ್ನ ಹೆಸರು ತೆಗೆದುಬಿಡ್ರಿ."

ನನಗೆ ಮೈಯೆಲ್ಲ ಉರಿಯಿತು. ಬನ್ನಿ, ಏನು ಬೇಕಾದರೂ ಕೇಳಿ ಎಂದು ಕರೆದವಳು ನಾನು. ಹಬ್ಬಕ್ಕೆ ಮತ್ತೊಮ್ಮೆ ಉಜ್ಜಿದರೆ ಆ ಮುಖ ಹೋಗುತ್ತದೆ, ಆಕೆಯಂತೂ ಆಗಲೇ ಹೋಗಿದ್ದರು. ಆಕೆಗೊಬ್ಬರಿಗೇ ಬೇರೆಯಾಗಿ ಬರೆದು ವಿಳಾಸ ಕೇಳಿಕೊಂಡು, ಹಬ್ಬದ ಹಿಂದಿನ ದಿನ ಹರಿಹರದ ಬಸ್ಸು ಹತ್ತಿದೆ.

ಹೋದಾಗ ಬಟ್ಟಲಿನಲ್ಲಿ ಹುಣಸೆಹಣ್ಣು ನೆನೆಯುತ್ತಿತ್ತು. ಆಕೆಯ ಅತ್ತೆ, ವಯಸ್ಸಾದ ಅಜ್ಜಿ, ಸೆರಗು ಸಿಕ್ಕಿಸಿಕೊಂಡು ಸಿದ್ಧವಾಗಿದ್ದರು. "ತೊಳೀದೆ ದೇವ್ರ ಮುಂದೆ ಇಡೋದು ಹೆಂಗ್ರಿ? ಮೈಲಿಗೆ ಆಗಲ್ಲೇನು?" ಎಂದರು. ನಾನು ಆಮ್ಲ, ಲೋಹ ಎಂದು ತರಗತಿಯ ಪಾಠ ಶುರು ಮಾಡಿದೆ. ಅಜ್ಜಿಯ ಕಣ್ಣು ಒಲೆಯ ಕಡೆ ಹೋಯಿತು. ಸೊಸೆಯೇ ನಡುವೆ ಬಾಯಿ ಹಾಕಿದರು.

"ಅತ್ತೆ, ಸರಸ್ವತಿ ಪೂಜೆಗೆ ಪುಸ್ತಕ ಇಡ್ತೀವಲ್ಲ, ತೊಳಿತೀವೇನು? ಒಂದೆರಡು ಹನಿ ನೀರು ಚಿಮುಕ್ಸಿ ಹೂವು ಏರಿಸ್ತೀವಿ. ಇದಕ್ಕೂ ಹಂಗೇ ಮಾಡಾಣ. ಬೇಕಾದ್ರೆ ಹೊಸಾ ರೂಪಾಯಿ ಪಕ್ಕದಾಗೆ ಇಡಾಣ, ಅದನ್ನ ಎಷ್ಟು ಬೇಕಾದ್ರೂ ಉಜ್ರಿ."

ಅಜ್ಜಿ ಯೋಚಿಸಿ, "ಹೌದಲ್ಲ," ಎಂದರು. ಹುಣಸೆಹಣ್ಣು ಸಾರಿಗೆ ಹೋಯಿತು. ಇಂಥವರು ನಮ್ಮ ಗುಂಪಿಗೆ ಬೇಕು ಅನ್ನಿಸಿ ನನಗೆ ಆಸೆಯೇ ಹುಟ್ಟಿತು. ಮತ್ತೆ ಬರಬೇಕು ಎಂದು ಗೋಗರೆದೆ.

"ಬ್ಯಾಡ್ರಿ ಮೇಡಂ. ದುಡ್ಡು ಕೊಟ್ಟು ಕಂಪ್ಯೂಟರ್ ಕಲ್ತಿದ್ದು ಬೈಸ್ಕೊಳ್ಳಾಕೇನು?" ಎಂದರು ಆಕೆ.

ಪಾಡ್ಯದ ದಿನ ಅಧ್ಯಕ್ಷರ ಅಂಗಡಿ ಪೂಜೆಗೆ ಕೂಟದವರೆಲ್ಲ ಹೋಗುವುದು ವಾಡಿಕೆ. ಆಕೆಯ ತವರುಮನೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲೇ ಇತ್ತು, ಹಬ್ಬಕ್ಕೆ ಹೇಗೂ ಬರುವವರಿದ್ದರು. ಒಮ್ಮೆ ಆ ಮುಖಗಳನ್ನು ನೋಡಿ, ಆಮೇಲೆ ಬಿಡುವುದಾದರೆ ಬಿಡಿ ಎಂದು ಒಪ್ಪಿಸಿದೆ.

ನಾವಿಬ್ಬರೂ ಹೋದಾಗ ಅಂಗಡಿಯಲ್ಲಿ ಲಕ್ಷ್ಮಿಯ ಫೋಟೋ ಮುಂದೆ ತಟ್ಟೆ ತುಂಬ ಬೆಳ್ಳಿ ರೂಪಾಯಿಗಳಿದ್ದವು. ಹೊಸ ಸ್ಟೀಲ್ ಲೋಟದಂತೆ ಫಳಫಳ ಹೊಳೆಯುತ್ತಿದ್ದವು. ರಾಜನೋ ರಾಣಿಯೋ ಗುರುತು ಸಿಗದಷ್ಟು ನುಣುಪು. ಪಕ್ಕದಲ್ಲಿ ಅಧ್ಯಕ್ಷರ ತಾಯಿ ಕೂತಿದ್ದರು. "ಬೆಳಿಗ್ಗಿಂದ ನಾನೇ ಉಜ್ಜೀನಿ. ಹುಣಸೆಹಣ್ಣಿಗೆ ಬರೋ ಹೊಳಪು ಯಾವುದಕ್ಕೂ ಬರಲ್ಲ," ಎಂದು ಹೆಮ್ಮೆಯಿಂದ ಹೇಳಿದರು. ನನ್ನ ಹೊಟ್ಟೆಯೊಳಗೆ ಹಾಲು ಹುಯ್ದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ. ಪೇಡೆಯ ತಟ್ಟೆ ಹಿಡಿದಿದ್ದ ಅಧ್ಯಕ್ಷರಿಗೆ ಹರಿಹರದವರನ್ನು ಪರಿಚಯಿಸಿದೆ. ಅಧ್ಯಕ್ಷರು ಮೆಲ್ಲಗೆ ಸರಿದು ರೂಪಾಯಿಗಳಿಗೆ ಅಡ್ಡ ನಿಂತರು.

"ಅವು ಪೂಜೇವು ಮೇಡಂ, ಸಂಗ್ರಹದವಲ್ಲ," ಎಂದರು.

"ನಮ್ದೂ ಪೂಜೇದೇ ಸರ್, ಹಂಗಂತಾನೇ ಬರ್ದಿದ್ದೆ," ಎಂದರು ಆಕೆ. ಇಂಜಿನಿಯರು ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದತೊಡಗಿದರು.

ಆಕೆ ಮುದುಕಿಯ ಪಕ್ಕದಲ್ಲಿ ಕೂತು, ಉಜ್ಜಿದರೆ ಏನಾಗುತ್ತದೆ, ತಮ್ಮ ಮನೆಯಲ್ಲಿ ಈ ಸಲ ಏನು ಮಾಡಿದರು ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ಮುದುಕಿ ಗಲ್ಲಕ್ಕೆ ಕೈಯಿಟ್ಟುಕೊಂಡು ಕೇಳಿದರು.

"ಯವ್ವಾ, ನನ್ ಮಗ ಮನೆ ತುಂಬ ನಾಣ್ಯ ಕೂಡಿಟ್ಟಾನೆ. ಮುಟ್ಟಬ್ಯಾಡ, ಮುಟ್ಟಬ್ಯಾಡ ಅಂತಾನೆ. ಯಾಕ ಅಂತ ಒಂದಿನಾನೂ ಹೇಳಿಲ್ಲ ನೋಡು."

ಅಧ್ಯಕ್ಷರು ಪೇಡೆಯ ತಟ್ಟೆಯನ್ನು ಮತ್ತೆ ನನ್ನ ಮುಂದೆ ಹಿಡಿದರು. ನಾನಾಗಲೇ ತೆಗೆದುಕೊಂಡಿದ್ದೆ. ಹರಿಹರದವರು ಎದ್ದು ಸೆರಗು ಸರಿಮಾಡಿಕೊಂಡು ಅವರ ಕಡೆ ತಿರುಗಿದರು.

"ಸರ್, ನನ್ನ ಹೆಸರು ತೆಗೀಬ್ಯಾಡ್ರಿ, ಗುಂಪಿನಾಗೆ ಇರ್ತೀನಿ. ಆದ್ರೆ ಇನ್ಮ್ಯಾಲೆ ಹೊಸಬರು ಏನಾದ್ರೂ ಕೇಳಿದ್ರೆ ಮೊದ್ಲು ನಾನು ಉತ್ತರ ಬರೀತೀನಿ. ಆಮ್ಯಾಲೆ ನೀವು ಬೈರಿ."

ತಾಯಿ ಎದುರಿಗೇ ಕೂತಿದ್ದರು. ಅಧ್ಯಕ್ಷರು ಆಯಿತು ಎಂದರು.