ದೊಡ್ಡಮ್ಮನ ಹೆಬ್ಬೆರಳು

ನನ್ನ ಚಿತ್ರಪ್ರದರ್ಶನದ ಕರಪತ್ರಕ್ಕೆ ಫೋಟೋ ಬೇಕೆಂದು ಬೆಳಿಗ್ಗೆ ತಿಪಟೂರಿನ ಸ್ಟುಡಿಯೋಗೆ ಹೊರಟವಳು ದಾರಿಯಲ್ಲಿ ಎಳನೀರು ಕುಡಿಯಲು ನಿಂತೆ. ಎರಡು ಹನಿ ಹೊಸ ಸೀರೆಯ ಮೇಲೆ ಬಿತ್ತು. "ಅಯ್ಯೋ ಅಕ್ಕ, ಕರೆ ಆಯ್ತದೆ, ಬೇಗ ತೊಳ್ಕಳಿ" ಎಂದ ಅಂಗಡಿಯವನು. ನಾನು ನಕ್ಕೆ. ಎಳನೀರಿನ ಹಸಿ ಮಟ್ಟೆಯ ಆ ಒಗರು ವಾಸನೆ ಮೂಗಿಗೆ ಬಡಿದರೆ ನನಗೆ ಕಂದಿಕೆರೆಯ ದೊಡ್ಡಮ್ಮ ನೆನಪಾಗುತ್ತಾಳೆ.

ನನ್ನ ಎಡಗೆನ್ನೆಯ ಮೇಲೆ ಹುಟ್ಟಿನಿಂದ ಬಂದ ಕಂದು ಮಚ್ಚೆಯಿದೆ, ಹುಣಸೆಬೀಜಕ್ಕಿಂತ ದೊಡ್ಡದು. ಕಾಲೇಜು ಮುಗಿಯುವವರೆಗೂ ನಾನು ಬಲಗೆನ್ನೆಯಲ್ಲೇ ಬದುಕಿದೆ ಅನ್ನಿ. ಅಕ್ಕನ ಮದುವೆಯ ಆಲ್ಬಮ್ ತೆರೆದರೆ ಪ್ರತಿ ಫೋಟೋದಲ್ಲೂ ಚಪ್ಪರ ಪರೀಕ್ಷಿಸಲು ಬಂದ ಇಂಜಿನಿಯರ್ ಹಾಗೆ ಎತ್ತಲೋ ನೋಡುತ್ತಿದ್ದೇನೆ.

ಆಗ ನಾನು ಚಿತ್ರ ಕಲಿಯುತ್ತಿದ್ದ ತರಗತಿಯವರು ಒಂದು ಪ್ರದರ್ಶನ ಇಟ್ಟರು. ಪ್ರತಿಯೊಬ್ಬರೂ ತಮ್ಮ ಮುಖವನ್ನೇ ಬರೆದು ತರಬೇಕು. ದೊಡ್ಡಮ್ಮನ ಮನೆಯ ಜಗಲಿಯಲ್ಲಿ ಕೂತು ಬಿಳಿ ಬಟ್ಟೆಯ ಮೇಲೆ ಫ್ಯಾಬ್ರಿಕ್ ಬಣ್ಣದಲ್ಲಿ ಬರೆದೆ. ಕಣ್ಣು ಚೆನ್ನಾಗಿ ಬಂತು, ಮೂಗಂತೂ ನನ್ನದಕ್ಕಿಂತ ಚೆನ್ನಾಗಿ ಬಂತು. ಮಚ್ಚೆಯನ್ನು ಮಾತ್ರ ಬಿಟ್ಟೆ.

ಬಣ್ಣ ಒಣಗಿದ ಮೇಲೆ, ಎಳನೀರು ಕೆತ್ತುತ್ತಿದ್ದ ದೊಡ್ಡಮ್ಮ ಬಂದು ಬಗ್ಗಿ ನೋಡಿದಳು. "ಇದ್ಯಾರೇ?"

"ನಾನೇ, ದೊಡ್ಡಮ್ಮ."

"ನೀನಾ? ಮಚ್ಚೆ ಎಲ್ಲೋಯ್ತು?" ಅಂದವಳೇ ಮಟ್ಟೆಯ ರಸ ಮೆತ್ತಿದ್ದ ಹೆಬ್ಬೆರಳನ್ನು ಚಿತ್ರದ ಕೆನ್ನೆಗೆ ಒತ್ತಿಬಿಟ್ಟಳು. "ಈಗ ನೀನಾದೆ ಬುಡು."

ನನಗೆ ಮೈಯೆಲ್ಲ ಉರಿಯಿತು. ಕೂಗಾಡಿ, ಸೋಪು ಹಚ್ಚಿ ತೊಳೆದೆ. ಏನೂ ಕಾಣಲಿಲ್ಲ, ಸದ್ಯ, ಬದುಕಿದೆ ಅಂದುಕೊಂಡು ಒಣಹಾಕಿದೆ. ತೆಂಗಿನ ಸೀಮೆಯಲ್ಲಿ ಹುಟ್ಟಿಯೂ ಮರೆತಿದ್ದೆ ನೋಡಿ: ಎಳನೀರಿನ ಕರೆ ಬಿದ್ದ ಗಳಿಗೆಯಲ್ಲಿ ಕಾಣುವುದಿಲ್ಲ, ಒಣಗಿದ ಮೇಲೆ ಏಳುತ್ತದೆ, ಎದ್ದ ಮೇಲೆ ಹೋಗುವುದಿಲ್ಲ. ಮಾರನೆಯ ಬೆಳಿಗ್ಗೆ ಕೆನ್ನೆಯ ಮೇಲೆ ಕಂದು ಮಚ್ಚೆ ಮೂಡಿತ್ತು.

ಪ್ರದರ್ಶನ ಅಂದೇ. ಬೇರೆ ದಾರಿಯಿಲ್ಲದೆ ಅದನ್ನೇ ತೂಗುಹಾಕಿ ಕಂಬದ ಮರೆಗೆ ನಿಂತೆ. ತುರುವೇಕೆರೆಯಿಂದ ಬಂದಿದ್ದ ಹೆಂಗಸೊಬ್ಬರು ಚಿತ್ರ ನೋಡಿದರು, ನನ್ನನ್ನು ನೋಡಿದರು. "ಇದು ನೀವೇ ಕಣ್ರೀ! ಎಷ್ಟು ಲಕ್ಷಣವಾಗಿದೀರ!" ಹೌದು, ನಾನೇ ಎಂದೆ. ಹಾಗೆನ್ನುವಾಗ ಆದ ಖುಷಿಯಲ್ಲಿ ಕಂಬ ಬಿಟ್ಟು ಈಚೆಗೆ ಬಂದದ್ದೇ ಗೊತ್ತಾಗಲಿಲ್ಲ.

ಆಮೇಲೆ ಮಟ್ಟೆಯ ರಸವೇ ನನ್ನ ಬಣ್ಣವಾಯಿತು. ಬಟ್ಟೆಯ ಮೇಲೆ ಚೆಲ್ಲಿ, ಎಲ್ಲಿ ಹೇಗೆ ಏಳುತ್ತದೋ ಎಂದು ಕಾಯುತ್ತೇನೆ. ಇಂಥದೇ ಎಂದು ಹೇಳಲಾಗದ ಆ ಆಕಾರಗಳ ಮುಂದೆ ದೊಡ್ಡಮ್ಮ ಒಮ್ಮೆ ಬಹಳ ಹೊತ್ತು ಕೂತು, "ಏನೂಂತ ತಿಳ್ಯಾಕಿಲ್ಲ ಕಣೇ, ಆದ್ರೂ ನೋಡ್ತಾ ಇರಾಣ ಅನ್ನುಸ್ತದೆ" ಅಂದಳು.

ಇವತ್ತು ಸ್ಟುಡಿಯೋದವರು ಕ್ಯಾಮೆರಾ ಎತ್ತಿ, "ಮೇಡಂ, ಸ್ವಲ್ಪ ಎಡಕ್ಕೆ ತಿರುಗಿ. ಮಚ್ಚೆ ಕಾಣಲ್ಲ" ಅಂದರು.

ನಾನು ಬಲಕ್ಕೆ ತಿರುಗಿದೆ.

"ಹಿಂಗೇ ತೆಗೀರಿ. ಮಚ್ಚೆ ಕಾಣಲಿಲ್ಲ ಅಂದ್ರೆ ನಮ್ಮ ದೊಡ್ಡಮ್ಮ ಅಷ್ಟೂ ಕರಪತ್ರಕ್ಕೆ ಹೆಬ್ಬೆರಳು ಒತ್ತುತಾಳೆ."