ಪೆಡಲಪ್ಪನ ಬ್ಯಾಟರಿ ಪರೀಕ್ಷೆ

"ಸೇತುವೆ ಏರಲ್ಲಿ ಸೀಟು ಬಿಟ್ಟು ಇಳಿದ ಮಗನೇ ಅಲ್ಲ ನಾನು!"

ಸೈಕಲ್ ರಿಕ್ಷಾ ತುಳಿಯುತ್ತಿದ್ದ ಪೆಡಲಪ್ಪ ನಿಲ್ದಾಣದಲ್ಲಿ ನಿಂತು ಮೂವತ್ತೊಂದು ವರ್ಷ ಹೀಗೆ ಕೊಚ್ಚಿಕೊಂಡ. ಅವನ ತೊಡೆ ಕಂಡವರು ನಂಬಲೇಬೇಕು. ಸೊಳ್ಳೆ ಕಚ್ಚಿದರೆ ಸೊಳ್ಳೆಯ ಮೂತಿಯೇ ಸೊಟ್ಟಗಾಗುತ್ತಿತ್ತು.

ಆ ತೊಡೆಗಳ ಮೇಲೆ ಈ ಊರು ಸವಾರಿ ಮಾಡಿದ ಬಗೆ ನೆನೆದರೆ ಮಾತ್ರ ವಾಕರಿಕೆ ಬರುತ್ತದೆ. ಗಂಡ, ಹೆಂಡತಿ, ಅತ್ತೆ, ಎರಡು ಟ್ರಂಕು, ಮೇಲೊಂದು ಹೊಲಿಗೆ ಯಂತ್ರ ಹೇರಿಕೊಂಡು "ಸ್ವಲ್ಪ ಜೋರಾಗಿ ತುಳಿಯಯ್ಯಾ, ಊಟ ಮಾಡಿಲ್ವಾ?" ಎನ್ನುವವರು. ಅವನ ಬೆನ್ನ ಬೆವರು ಮೂಗಿಗೆ ಬಡಿದರೆ ಕರವಸ್ತ್ರ ಹಿಡಿಯುವವರು. ಕೂತಲ್ಲಿಂದಲೇ ಪಿಚಕ್ಕನೆ ಚಕ್ರದ ಮೇಲೆ ಉಗಿಯುವವರು. ಸಂಜೆ ಆ ಚಕ್ರ ತೊಳೆಯುವವನು ಅವನೇ. ನಾನೂ ಹತ್ತಿದ್ದೇನೆ. ಉಗಿದಿಲ್ಲ ಎನ್ನುವುದೊಂದೇ ನನ್ನ ಪುಣ್ಯ.

ಈಚೆಗೆ ನಗರಸಭೆಗೆ ಜ್ಞಾನೋದಯವಾಯಿತು: ತುಳಿಯುವ ಗಾಡಿ ವೇಗಕ್ಕೆ ಅಡ್ಡಿಯಂತೆ! ನಮ್ಮ ಪೇಟೆ ರಸ್ತೆಯಲ್ಲಿ ವೇಗವನ್ನು ಕಣ್ಣಾರೆ ಕಂಡವರು ಯಾರೂ ಈಗ ಬದುಕಿಲ್ಲ. ಅಲ್ಲಿ ಬಸ್ಸು ಹತ್ತಿದ ಮದುಮಗ ಇಳಿಯುವ ಹೊತ್ತಿಗೆ ಮಾವನಾಗಿರುತ್ತಾನೆ. ಆದರೂ ನಲವತ್ತು ರಿಕ್ಷಾಗಳನ್ನು ಜಜ್ಜಿ ಗುಜರಿಗೆ ಎಸೆದರು. ಪೆಡಲಪ್ಪನದೊಂದು ಉಳಿದಿತ್ತು. ಬ್ಯಾಟರಿ ರಿಕ್ಷಾ ಓಡಿಸುವ ಪರೀಕ್ಷೆಯಲ್ಲಿ ಪಾಸಾದರೆ ನಿಲ್ದಾಣದ ಜಾಗ ಅವನಿಗೇ. ಇಲ್ಲವಾದರೆ ಗಾಡಿ ಗುಜರಿಗೆ, ಅವನು ಮನೆಗೆ.

ಪರೀಕ್ಷೆಯ ಬೆಳಿಗ್ಗೆ ಹೆಂಡತಿ ಅವನ ಅಂಗಿಗೆ ಗುಂಡಿ ಹಾಕುತ್ತ ಹೇಳಿದಳು: "ಕಾಲು ಹುಷಾರು. ನಿದ್ದೇಲೂ ತುಳೀತೀರಿ. ಮಂಚದ ಹತ್ರ ಗೋಡೆ ಸುಣ್ಣ ಪೂರ್ತಿ ಉದುರಿದೆ."

"ಲೇ, ನನಗೇ ಗಾಡಿ ಹೇಳಿಕೊಡ್ತೀಯಾ? ಕೂತು ಹಿಡಿಕೆ ತಿರುವೋದು. ಕುಂಬಳಕಾಯಿನೂ ಮಾಡುತ್ತೆ ಆ ಕೆಲಸ."

"ಹಾಗಾದ್ರೆ ಕುಂಬಳಕಾಯಿನೇ ಕಳಿಸ್ತಿದ್ದೆ. ಪಾಸಾಗಿ ಬರ್ತಿತ್ತು."

ಪರೀಕ್ಷಕನ ಕೋಣೆಯಲ್ಲಿ ಒದ್ದೆ ಕಡತಗಳ ಮುಗ್ಗಲು ನಾತ; ಮೇಜಿನ ಗಾಜಿನಡಿ ಚಪ್ಪಟೆಯಾದ ಜಿರಳೆ. ಆತ ಹಲ್ಲಿನ ಸಂದಿ ಕೆದಕುತ್ತಲೇ ಹೊರಬಂದು ಕಚೇರಿಯ ಬ್ಯಾಟರಿ ರಿಕ್ಷಾದ ಹಿಂದಿನ ಸೀಟಿನಲ್ಲಿ ಕೂತ. ಕೂತ ಎನ್ನುವುದು ಸೌಜನ್ಯಕ್ಕೆ. ಗಾಡಿಯ ಮೇಲೆ ಗುಡ್ಡ ಕುಸಿಯಿತು. ಟೈರುಗಳು "ಅಯ್ಯೋ" ಎಂದದ್ದು ರಸ್ತೆಯಾಚೆ ನಿಂತ ನನಗೂ ಕೇಳಿಸಿತು.

"ಸೇತುವೆ ಹತ್ತಿಸು. ನಿನ್ನ ಬೆವರು ನಾತ ಹಿಂದಕ್ಕೆ ಬರಬಾರ್ದು."

ಪೆಡಲಪ್ಪ ಹಿಡಿಕೆ ತಿರುವಿದ. ಗಾಡಿ ಜುಯ್ಯನೆ ಹೊರಟಿತು. ಸೇತುವೆಯ ಬುಡ ಬಂತು, ಏರು ಕಂಡಿತು. ಅಷ್ಟೇ, ಮೈಯೊಳಗಿನ ಮೂವತ್ತೊಂದು ವರ್ಷ ಒಟ್ಟಿಗೆ ಎದ್ದು ನಿಂತವು. ಚಂಗನೆ ನೆಲಕ್ಕೆ ಹಾರಿದ. ಒಂದು ಕೈ ಹಿಡಿಕೆಗೆ, ಇನ್ನೊಂದು ಸೀಟಿಗೆ ಕೊಟ್ಟು, ಸೊಂಟ ಬಗ್ಗಿಸಿ ಗಾಡಿ ಎಳೆಯತೊಡಗಿದ! ದಿನಕ್ಕೆ ಹತ್ತು ಸಲ ಇಳಿದವನಿಗಲ್ಲದೆ ಅಷ್ಟು ಸಲೀಸಾಗಿ ಇಳಿಯಲು ಬರುವುದಿಲ್ಲ. ಅವನ ಜಂಬದ ಬಂಡವಾಳ ನಮಗೆಲ್ಲ ಮೊದಲೇ ಗೊತ್ತಿತ್ತು. ಅವನು ಇಳಿದು ಎಳೆಯುವಾಗ ಮೇಲೆ ಕೂತಿದ್ದವರು ನಾವೇ ತಾನೆ.

ಎಳೆದ ಬಿಗಿಗೆ ಹಿಡಿಕೆ ಪೂರ್ತಿ ತಿರುಗಿತು. ಗಾಡಿ ಅವನ ಕೈಯಿಂದ ಕಿತ್ತುಕೊಂಡು, ಪರೀಕ್ಷಕನನ್ನು ಹೊತ್ತು, ಬದಿಯ ಕಸದ ಗುಡ್ಡೆಗೆ ನುಗ್ಗಿತು. ನಮ್ಮ ಪೇಟೆ ರಸ್ತೆಯಲ್ಲಿ ನಮ್ಮ ಕಾಲಕ್ಕೆ ವೇಗ ಕಾಣಿಸಿಕೊಂಡದ್ದು ಅದೇ ಮೊದಲು.

ನೆತ್ತಿಯ ಮೇಲೆ ಕೊಳೆತ ಕಲ್ಲಂಗಡಿ ಸಿಪ್ಪೆ ಹೊತ್ತು ಪರೀಕ್ಷಕ ಎದ್ದ. "ಫೇಲು! ನಿಲ್ದಾಣದ ಕಡೆ ತಲೆ ಹಾಕ್ಬೇಡ ಇನ್ನು! ಬ್ಯಾಟರಿ ಇರೋ ಗಾಡಿಯಿಂದ ಯಾಕೋ ಇಳಿದೆ, ಕತ್ತೆ?"

ಪೆಡಲಪ್ಪ ಮಂಡಿಯ ಧೂಳು ಕೊಡವಿಕೊಂಡ.

"ಎಳೆಯೋದರ ಮೇಲೆ ಒಂಚೂರು ಕರುಣೆ ಬೇಡ್ವಾ, ಸ್ವಾಮಿ? ನಾನು ಎಳೀವಾಗ ನನ್ನ ಹಿಂದೆ ಕೂತೋರು ಒಬ್ಬರೂ ಇಳೀಲಿಲ್ಲ. ಬ್ಯಾಟರಿಗಾದ್ರೂ ಒಬ್ಬ ಇಳಿದ ಅಂತ ಬರ್ಕೊಳ್ಳಿ."