ಕುಂದಾದ ಚಳಿ ಮತ್ತು ರಬ್ಬರು ಬಟ್ಟಲು

ಊಟಿ ಹತ್ತಿರದ ಕುಂದಾಕ್ಕೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದೆ. ಮೋಡ ಮನೆಯೊಳಗೆ ಬಂತು. ಕರೆಯದೇ ಬಂದ ನೆಂಟರ ಹಾಗೆ ಹೊಸ್ತಿಲು ದಾಟಿ, ಸುತ್ತಿಟ್ಟ ಹಾಸಿಗೆಯ ಮೇಲೆಲ್ಲ ಹರಡಿಕೊಂಡಿತು. ಹೊಗೆ ಎಂದುಕೊಂಡು ನಾನು ‘ಬೆಂಕಿ, ಬೆಂಕಿ’ ಎಂದು ಕೂಗಿದೆ. ಪಕ್ಕದ ಮನೆಯ ಬೆಳ್ಳಿಯಮ್ಮ ಓಡಿಬಂದರು. ಅವರು ಅಲ್ಲಿಯವರೇ, ಬಡಗರು. ಅವರ ಗಂಡನಿಗೂ ನನ್ನ ಯಜಮಾನರಂತೆ ಅಣೆಕಟ್ಟಿನಲ್ಲೇ ಕೆಲಸ. ಒಳಗೆ ಇಣುಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಕಿಚ್ಚು ಅಲ್ಲ ಅಮ್ಮ, ಮಂಜು! ಬರೀ ಮಂಜು!”

ನಾನು ಹುಟ್ಟಾ ಪುಕ್ಕಲಿ. ಹಿರಿಯೂರಿನ ಕಡೆಯ ಬಿಸಿಲಲ್ಲಿ ಬೆಳೆದವಳು. ನನ್ನ ಯಜಮಾನರಿಗೆ ಕುಂದಾ ವಿದ್ಯುತ್ ಯೋಜನೆಯಲ್ಲಿ ಕೆಲಸ ಸಿಕ್ಕಿ, ಎರಡು ಕೋಣೆಯ ಕ್ವಾರ್ಟರ್ಸ್ ಕೊಟ್ಟರು. ಸುತ್ತ ತಮಿಳು, ಮಲಯಾಳ, ಬಡಗ ಮಾತು. ಬಡಗ ಭಾಷೆ ಕಿವಿಗೆ ನಮ್ಮ ಕನ್ನಡದ್ದೇ ಹಳೆಯ ನೆಂಟಸ್ತಿಕೆಯಂತೆ ಕೇಳುತ್ತಿತ್ತು. ಅರ್ಧ ತಿಳಿಯುತ್ತಿತ್ತು, ಇನ್ನರ್ಧಕ್ಕೆ ಸುಮ್ಮನೆ ತಲೆಯಾಡಿಸುತ್ತಿದ್ದೆ. “ಒಳ್ಳೆಂಗ ಇದ್ದಿಯಾ?” ಎಂದು ಬೆಳ್ಳಿಯಮ್ಮ ದಿನಾ ಕೇಳುತ್ತಿದ್ದರು, ಚೆನ್ನಾಗಿದ್ದೀಯಾ ಎಂದು. ಚೆನ್ನಾಗಿರಲಿಲ್ಲ. ಆದರೆ ಏಕೆ ಎಂದು ಹೇಳುವ ಹಾಗಿರಲಿಲ್ಲ.

ಏಕೆಂದರೆ ಇಲ್ಲಿ ಬಟ್ಟೆ ಒಣಗುವುದಿಲ್ಲ. ನಮ್ಮೂರಲ್ಲಿ ಒಗೆದ ಸೀರೆಯನ್ನು ಬೇಲಿಯ ಮೇಲೆ ಹಾಕಿ ಒಂದು ರೊಟ್ಟಿ ಬೇಯಿಸಿ ಬರುವಷ್ಟರಲ್ಲಿ ಅದು ಗರಿಗರಿಯಾಗಿರುತ್ತಿತ್ತು. ಇಲ್ಲಿ ಸೋಮವಾರದ ಸೀರೆ ಗುರುವಾರವೂ ಹಸಿ. ಸೀರೆಯ ಮಾತು ಹೋಗಲಿ, ಮುಟ್ಟಿನ ಬಟ್ಟೆಯ ಪಾಡೇನು? ಸೀರೆಯ ಅಡಿಯಲ್ಲಿ ಮುಚ್ಚಿ ಹಾಕಿದರೆ ಬೂಸಲು ಬರುತ್ತಿತ್ತು. ಮನೆಯಲ್ಲಿದ್ದ ಒಂದೇ ಅಗ್ಗಿಷ್ಟಿಕೆಯ ಮುಂದೆ ಯಜಮಾನರು ಕಾಲು ಚಾಚಿ ಕೂತಿರುತ್ತಿದ್ದರು. ಅವರ ಎದುರಿಗೆ ಅದನ್ನು ಹರವುವುದು ಹೇಗೆ? ಹಸಿಬಟ್ಟೆಯನ್ನೇ ಉಟ್ಟು ತೊಡೆಸಂದಿಯೆಲ್ಲ ಹುಣ್ಣಾಯಿತು. ಮೂರು ದಿನ ಹೊರಗೆ ಕೂರುವುದೆಂದರೆ ನಮ್ಮೂರಲ್ಲಿ ಹಿತ್ತಿಲ ಜಗಲಿ, ಜೊತೆಗೆ ಮಾತಿಗೆ ಜನ. ಇಲ್ಲಿ ಹೊರಗೆ ಕೂತರೆ ಹೆಣವಾಗುತ್ತೇನೆ. ಹಾಗಾಗಿ ಮೂಲೆಯಲ್ಲಿ ಗೋಣಿಚೀಲ ಹಾಸಿ ಕೂರುತ್ತಿದ್ದೆ, ಯಜಮಾನರು ಸೀದ ಅನ್ನವನ್ನು ದೂರದಿಂದ ತಳ್ಳುತ್ತಿದ್ದರು.

ಯೋಜನೆಗೆಂದು ಕೆನಡಾದಿಂದ ಬಂದಿದ್ದ ಇಂಜಿನಿಯರ್ ಒಬ್ಬರ ಹೆಂಡತಿ, ಹೆಲೆನ್ ಅಂತ, ನನಗೆ ಉಲ್ಲನ್ ಹೆಣಿಗೆ ಕಲಿಸುತ್ತಿದ್ದರು. ಮದುವೆಗೆ ಮುಂಚೆ ನರ್ಸ್ ಆಗಿದ್ದವರು. ನಾನು ಕಾಲು ಅಗಲಿಸಿ ನಡೆಯುವುದನ್ನು ನೋಡಿಯೇ ಅವರಿಗೆ ತಿಳಿಯಿತು. ಕೆನಡಾಕ್ಕೆ ಹಿಂದಿರುಗುವ ಮುನ್ನ ಒಂದು ಡಬ್ಬಿ ಕೈಗಿಟ್ಟರು. ಒಳಗೆ ರಬ್ಬರಿನ ಪುಟ್ಟ ಬಟ್ಟಲು, ಬುಗುರಿಯನ್ನು ಟೊಳ್ಳು ಕೊರೆದ ಹಾಗೆ. ಹೊಸದು, ತಮಗೆಂದು ತರಿಸಿದ್ದು. ಮುಟ್ಟಿನ ದಿನಗಳಲ್ಲಿ ಮಡಿಚಿ ಒಳಗಿಡಬೇಕು, ತುಂಬಿದರೆ ತೆಗೆದು ಚೆಲ್ಲಿ ತೊಳೆಯಬೇಕು, ತಿಂಗಳಿಗೊಮ್ಮೆ ಕುದಿಸಬೇಕು. ಕೈಸನ್ನೆ, ನನ್ನ ಹೈಸ್ಕೂಲು ಇಂಗ್ಲಿಷು, ಇಷ್ಟರಲ್ಲೇ ಪಾಠ ಮುಗಿಯಿತು. ನಾನು ಸೂರು ನೋಡುತ್ತ ಕೇಳಿಸಿಕೊಂಡೆ.

ಅವರು ಹೋದ ಮೇಲೆ ಭಯಗಳು ಒಂದರ ಹಿಂದೊಂದು ಎದ್ದವು. ಅದು ಮೇಲೆ ಹೋಗಿ ಹೊಟ್ಟೆ ಸೇರಿಬಿಟ್ಟರೆ? ಒಂದಕ್ಕೆ ಕೂರುವುದು ಹೇಗೆ? ಹೆರದವಳಿಗೆ ಇದು ಆಗುತ್ತದೆಯೇ? ಎಲ್ಲಕ್ಕಿಂತ ದೊಡ್ಡದು ಒಂದೇ: ಗರ್ಭದ ಬಾಯಿ ಕೆಟ್ಟು ಮಕ್ಕಳೇ ಆಗದಿದ್ದರೆ? ಮದುವೆಯಾಗಿ ಎರಡು ವರ್ಷವಾಗಿತ್ತು, ಮಡಿಲು ಬರಿದು. ಡಬ್ಬಿಯನ್ನು ಟ್ರಂಕಿನ ತಳಕ್ಕೆ ತಳ್ಳಿದೆ. ಆದರೆ ಹುಣ್ಣು ಕೀವಾದಾಗ ಭಯಕ್ಕಿಂತ ಉರಿ ದೊಡ್ಡದಾಯಿತು. ಹಳೆಯ ಹಾಲಿನಪುಡಿ ಡಬ್ಬದಲ್ಲಿ ಅದನ್ನು ಕುದಿಸಿ, ದೇವರನ್ನು ನೆನೆದು ಇಟ್ಟುಕೊಂಡೆ.

ಏನೂ ಆಗಲಿಲ್ಲ. ಒಂದಕ್ಕೂ ತೊಂದರೆಯಿಲ್ಲ, ಸೋರಲೂ ಇಲ್ಲ. ಹುಣ್ಣು ಮಾಗಿತು. ಊಟಿಯ ಮಾರುಕಟ್ಟೆಗೆ ಬಸ್ಸಿನಲ್ಲಿ ಹೋಗಿ ಕ್ಯಾರೆಟ್ಟು ಕೊಂಡು ಬಂದೆ, ಅದೂ ಮುಟ್ಟಿನ ಎರಡನೆಯ ದಿನ! ಆ ಸಂತೋಷಕ್ಕೆ ಹೊರಗೆ ಕೂರುವುದನ್ನೂ ಬಿಟ್ಟೆ. ಯಾರಿಗೂ ಕಾಣದ ಮುಟ್ಟಿಗೆ ಮೂಲೆ ಯಾಕೆ? ಹೆದರುತ್ತಲೇ ಒಲೆ ಮುಟ್ಟಿದೆ. ಒಲೆ ಎಂದಿನಂತೆ ಉರಿಯಿತು. ಯಜಮಾನರಿಗೆ ಹೇಳಲಿಲ್ಲ, ಇಂಥದ್ದನ್ನು ಗಂಡಸರ ಹತ್ತಿರ ಯಾರು ಹೇಳುತ್ತಾರೆ?

ಹೀಗೆ ಎರಡು ತಿಂಗಳು ಕಳೆಯಿತು. ಮೂರನೆಯ ತಿಂಗಳು ಬಟ್ಟಲು ಒಳಗಿದ್ದ ದಿನವೇ, ಬಾಗಿಲಲ್ಲಿ ಅತ್ತೆ! ಹಿರಿಯೂರಿನಿಂದ ಬಸ್ಸು ಬದಲಿಸಿ ಬದಲಿಸಿ, ವಾಂತಿ ಮಾಡಿಕೊಳ್ಳುತ್ತ ಬೆಟ್ಟ ಹತ್ತಿ ಬಂದಿದ್ದರು. ಕೈಯಲ್ಲಿ ಹಸಿರು ಬಳೆ, ಹುರಿಗಡಲೆ ಉಂಡೆ.

“ಕೂತ್ಕಳವ್ವ, ಕೂತ್ಕ. ಬಸುರಿ ಹೆಂಗ್ಸು ಎದ್ದು ಓಡಾಡಬ್ಯಾಡ” ಎಂದರು.

ಯಜಮಾನರು ನಾಚಿ ನೆಲ ನೋಡುತ್ತಿದ್ದರು. ಅವರ ಪ್ರಕಾರ ಹೆಂಡತಿ ಹೊರಗೆ ಕೂರಲಿಲ್ಲವೆಂದರೆ ಅರ್ಥ ಒಂದೇ. ಊರಿಗೆ ಸುದ್ದಿ ಮುಟ್ಟಿಸಿದ್ದರು. ಅಷ್ಟರಲ್ಲಿ ಬೆಳ್ಳಿಯಮ್ಮನೂ ಬಂದು ನನ್ನ ಗಲ್ಲ ಹಿಂಡಿದರು. “ನಿನ್ನ ತಂತಿಲಿ ಆ ಬಟ್ಟೆ ಇಲ್ಲೆ, ನಾ ನೋಡಿಯೇ ಇದ್ದೆ. ಒಳ್ಳೆ ಸುದ್ದಿ ತಾನೆ?”

ನಾನು ಬಚ್ಚಲಿಗೆ ಓಡಿ ಚಿಲಕ ಹಾಕಿದೆ. ಮೊದಲು ಅದನ್ನು ತೆಗೆದು ಎಸೆಯಬೇಕು, ಆಮೇಲೆ ಏನಾದರೂ ಆಗಲಿ. ಬೆರಳು ಹಾಕಿದೆ. ತುದಿ ಸಿಗಲಿಲ್ಲ. ಸಿಕ್ಕಾಗ ಎಳೆದೆ, ಕರುಳೇ ಕಿತ್ತು ಬಂದಂತಾಯಿತೇ ಹೊರತು ಬಟ್ಟಲು ಅಲ್ಲಾಡಲಿಲ್ಲ. ಎಳೆದಷ್ಟೂ ಒಳಕ್ಕೆ ಕಚ್ಚಿಕೊಂಡಿತು. ಆ ಚಳಿಯಲ್ಲೂ ಬೆವರು ಇಳಿಯಿತು. ಹೆಲೆನ್ ಕಡಲಾಚೆ. ಹೀಗೇ ಸತ್ತರೆ ಏನು ಸಿಕ್ಕಿ ಸತ್ತಳೆಂದು ಊರಿಗೆ ಹೇಳುತ್ತಾರೆ? ಗಟ್ಟಿಯಾಗಿ ಅತ್ತುಬಿಟ್ಟೆ.

“ಗೌರೀ, ಕದ ತಗಿ! ಏನಾತೇ?” ಅತ್ತೆ ಕದ ಬಡಿದರು.

ತೆಗೆದೆ. “ಅತ್ತೆ, ನಾನು ಬಸುರಿಯಲ್ಲ. ಮುಟ್ಟಾಗಿದ್ದೀನಿ. ಒಳಗೆ ರಬ್ಬರು ಸಿಕ್ಕಿಕೊಂಡಿದೆ, ಬರ್ತಾ ಇಲ್ಲ” ಎಂದೆ.

ಅವರ ಮುಖ ಬಿಳಿಚಿತು. ಮುಟ್ಟಾದವಳ ನೆರಳು ಸೋಕಿದರೂ ತಲೆಗೆ ನೀರು ಹಾಕಿಕೊಳ್ಳುವ ಹೆಂಗಸು ಅವರು. ಆದರೂ ಬಾಗಿಲು ಮುಂದೆ ಮಾಡಿ ಬಂದು ನನ್ನ ಎರಡೂ ಭುಜ ಹಿಡಿದು ಕುಕ್ಕರುಗಾಲಲ್ಲಿ ಕೂರಿಸಿದರು. “ಎಳೀಬ್ಯಾಡ. ಉಸಿರು ಬಿಡು. ಈಗ ಮುಕ್ಕು, ಹೆರೋವಾಗ ಮುಕ್ಕಿದಂಗೆ.” ಹೆರುವುದು ಹೇಗೆಂದು ನನಗೇನು ಗೊತ್ತು! ಆದರೂ ಮುಕ್ಕಿದೆ. ಬಟ್ಟಲು ಬೆರಳಿನ ಹತ್ತಿರಕ್ಕೆ ಇಳಿಯಿತು. ಆಗ ಹೆಲೆನ್ ಎರಡು ಬೆರಳು ಕೂಡಿಸಿ ಹಿಚುಕಿ ತೋರಿಸಿದ್ದು ನೆನಪಾಯಿತು. ತುದಿ ಎಳೆಯದೆ ಬುಡವನ್ನು ಹಿಚುಕಿದೆ. ಗಾಳಿ ಸೇರಿ ಹಿಡಿತ ಬಿಟ್ಟಿತು. ಬಟ್ಟಲು ಕೈಗೆ ಬಂತು, ರಕ್ತ ಕಲ್ಲಿನ ಮೇಲೆ ಚೆಲ್ಲಿತು.

ಅತ್ತೆ ಆ ರಕ್ತವನ್ನೇ ನೋಡುತ್ತ ಗೋಡೆಗೆ ಒರಗಿದರು. “ಹಂಗಾದ್ರೆ ಇಲ್ಲ ಅನ್ನು” ಎಂದರು. ಅವರ ಕೈ ಮಾತ್ರ ನನ್ನ ಭುಜ ಬಿಟ್ಟಿರಲಿಲ್ಲ.

ಮರುದಿನ ಊಟಿಯ ಲೇಡಿ ಡಾಕ್ಟರ ಹತ್ತಿರ ಅವರೇ ಎಳೆದುಕೊಂಡು ಹೋದರು. ಡಾಕ್ಟರು “ಬಯಪ್ಪಡಾದೀಂಗ” ಎಂದರು. ಹೆದರಬೇಡಿ ಎಂದು ತಮಿಳಿನಲ್ಲಿ. ಅದು ಎಲ್ಲಿಗೂ ಹೋಗಲಾರದು, ಒಳಗೆ ದಾರಿಯೇ ಇಲ್ಲ. ಹೆದರಿ ಮೈ ಬಿಗಿ ಹಿಡಿದರೆ ಹೊರಗೆ ಬರಲು ತಡವಾಗುತ್ತದೆ, ಅಷ್ಟೆ. ಮಕ್ಕಳಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಅತ್ತೆ ಆ ಕೊನೆಯ ಮಾತನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿದರು. ನಾನೂ ನಂಬಿದೆನೆಂದು ಹೇಳಲಾರೆ.

ಹೊರಡುವ ದಿನ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿದರು. “ಊರಿಗೆಲ್ಲ ಸಕ್ರೆ ಹಂಚಿ ಬಂದೀನಿ ಕಣೆ. ಈಗ ಏನಂತ ಹೇಳ್ಲಿ?” ಬಸ್ಸು ಹೊರಟಾಗ ಅವರೇ ಹೇಳಿದರು: “ಅಲ್ಲಿ ಚಳಿಗೆ ಬಸಿರು ನಿಲ್ಲಲಿಲ್ಲ ಅಂತೀನಿ, ಬಿಡು.”

ಮುಂದಿನ ಸಲ ಊರಿಗೆ ಹೋದಾಗ ಹೆಂಗಸರು ಒಬ್ಬೊಬ್ಬರೇ ಬಂದು ನನ್ನ ಕೈ ಹಿಡಿದು ಅತ್ತರು. ಸುಳ್ಳೆಂದು ಗೊತ್ತಿದ್ದರೂ ನನಗೂ ನಿಜವಾದ ಅಳು ಬಂತು. ಕುಂದಾಕ್ಕೆ ಹಿಂದಿರುಗಿದರೆ ಇಲ್ಲಿ ಯಾರೂ ಅಳಲಿಲ್ಲ. ನನ್ನಿಂದ ಎಲ್ಲ ತಿಳಿದುಕೊಂಡ ಬೆಳ್ಳಿಯಮ್ಮ, ನಮ್ಮೂರ ಹೆಂಗಸರು ಮೋಸಹೋದದ್ದನ್ನು ನೆನೆದು ಈಗಲೂ ನಗುತ್ತಾರೆ. (ನಮ್ಮತ್ತೆಗೆ ಓದಲು ಬಾರದು. ಓದಿ ಹೇಳುವ ಪುಣ್ಯಾತ್ಮರು ಈ ಪುಟವನ್ನು ದಯವಿಟ್ಟು ಹಾರಿಸಿ.)

ಈಗ ನನಗೆ ಐದು ತಿಂಗಳು, ನಿಜವಾಗಿಯೂ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಮಲಗುತ್ತೇನೆ, ಅತ್ತೆ ಆಡಿದ ಸುಳ್ಳು ಎಲ್ಲಿ ತಟ್ಟೀತೋ ಎಂದು. ಹೆರಿಗೆಗೆ ಊರಿಗೇ ಬಾ ಎಂದು ಅಲ್ಲಿಯವರು, ಇಲ್ಲೇ ಇರು ಎಂದು ಬೆಳ್ಳಿಯಮ್ಮ. “ಮೊದಲ ಕೂಸು, ಅಂಜ ಬೇಡ” ಎನ್ನುತ್ತಾರೆ ಬೆಳ್ಳಿಯಮ್ಮ. ಊರಿನವರು ಹೇಳಿ ಕಳಿಸುವುದು ಬೇರೆ: ಹೋದ ಸಲದಂತೆ ಈ ಸಲವೂ ಆಗಬಾರದು, ಹುಷಾರು. ಅಲ್ಲಿ ಇದು ನನ್ನ ಎರಡನೆಯ ಬಸಿರು, ಇಲ್ಲಿ ಮೊದಲನೆಯದು.